ಬನ್ನಕ್ಕನ ಬಲಗೈ

ನನ್ನ ಅಂಗಡಿಯಲ್ಲಿ ಒಂದು ಕಟ್ಟಳೆ ಇದೆ. ರಿಪೇರಿಯಾದ ಯಾವ ಗಾಡಿಯನ್ನೂ ನಾನೇ ಓಡಿಸಿ ನೋಡದೆ ಗಿರಾಕಿಗೆ ಕೊಡುವುದಿಲ್ಲ. ಬೀದಿಯ ತುದಿಯವರೆಗೆ ಹೋಗಿ, ತಿರುಗಿಸಿಕೊಂಡು ಬಂದು, ಸ್ಟ್ಯಾಂಡ್ ಹಾಕಿ "ಹ್ಞೂ, ತಗೊಂಡು ಹೋಗಿ" ಎಂದ ಮೇಲೆಯೇ ಅದು ಹೊಸ್ತಿಲು ದಾಟಬೇಕು. ನನ್ನಾಕೆ ಅದೇ ಅಂಗಡಿಯ ಇನ್ನೊಂದು ಮೂಲೆಯಲ್ಲಿ ಕೂತು ಸೀಟ್ ಕವರ್ ಹೊಲಿಯುತ್ತಾಳೆ. "ಕಟ್ಟಳೆಯೂ ಇಲ್ಲ, ಮಣ್ಣೂ ಇಲ್ಲ. ಇವರಿಗೆ ಬಿಟ್ಟಿ ಸವಾರಿಗೆ ಒಂದು ನೆಪ" ಎಂದು ಬಂದವರಿಗೆಲ್ಲ ಹೇಳುವುದು ಅವಳ ಕಟ್ಟಳೆ.

ಈ ಕಟ್ಟಳೆಗೆ ಸಂಚಕಾರ ಬಂದದ್ದು ಬನ್ನಕ್ಕನ ಗಾಡಿಯಿಂದ.

ಬನ್ನಕ್ಕ ಅಂದರೆ ಬೇಕರಿ ಯಜಮಾನನ ತಂಗಿ. ಬೆಳಗಾದರೆ ಬ್ರೆಡ್ಡು, ಬನ್ನು ತುಂಬಿದ ಕ್ರೇಟುಗಳನ್ನು ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಅಂಗಡಿ ಅಂಗಡಿಗೆ ಹಾಕಿ, ಕೊನೆಗೆ ದಿಬ್ಬದ ಮೇಲಿನ ಆಸ್ಪತ್ರೆಗೂ ಮುಟ್ಟಿಸಿ ಬರುವವಳು. ವಯಸ್ಸಿನಲ್ಲಿ ನನ್ನ ಮಗಳಂತಿದ್ದರೂ ಬೀದಿಗೆಲ್ಲ ಅಕ್ಕ. ಹಿಟ್ಟು ಕಲಸುವ ಯಂತ್ರ ಒಂದು ದಿನ ಅವಳ ಎಡಗೈಯನ್ನು ಮಣಿಕಟ್ಟಿನವರೆಗೆ ನುಂಗಿಬಿಟ್ಟಿತು. ಆಮೇಲೆ ಬಹಳ ಕಾಲ ಬೀದಿಯಲ್ಲಿ ಅವಳ ಗಾಡಿಯ ಸದ್ದು ಕೇಳಲಿಲ್ಲ.

ಗಾಯ ಮಾಗಿದ ಮೇಲೆ ಅಣ್ಣ ತಂಗಿ ಇಬ್ಬರೂ ಅಂಗಡಿಗೆ ಬಂದರು. ಅಣ್ಣ ಬಂದದ್ದು ಹೊಚ್ಚ ಹೊಸ ಗೇರಿಲ್ಲದ ಸ್ಕೂಟರ್ ಮೇಲೆ. ತಂಗಿ ತನ್ನ ಹಳೆಯ ಮೋಟಾರ್ ಸೈಕಲ್ಲನ್ನು ಬಲಗೈಯಲ್ಲಿ ಹಿಡಿದು, ಸೊಂಟ ಆನಿಸಿ ತಳ್ಳಿಕೊಂಡು ಬಂದಳು.

"ಮೇಸ್ತ್ರಿ, ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ," ಎಂದ ಅಣ್ಣ. "ಗೇರಿಲ್ಲ, ಕ್ಲಚ್ಚಿಲ್ಲ, ಕೂತು ಕಿವಿ ಹಿಂಡಿದ್ರೆ ಹೋಗುತ್ತೆ. ಅಂಥದ್ದನ್ನ ತಂದು ಬಾಗಿಲಲ್ಲಿ ನಿಲ್ಲಿಸಿದ್ರೆ ಇವಳಿಗೆ ಈ ಮುದುಕಪ್ಪನೇ ಬೇಕಂತೆ."

"ಎದುರಿಗೇ ಮುದುಕಪ್ಪ ಅನ್ನಬೇಡ. ಬೇಜಾರು ಮಾಡ್ಕೊಂಡ್ರೆ ಸ್ಟಾರ್ಟ್ ಆಗಲ್ಲ," ಎಂದಳು ಬನ್ನಕ್ಕ. ಆಮೇಲೆ ನನ್ನ ಕಡೆ ತಿರುಗಿದಳು. "ಸ್ಕೂಟರ್ ಓಡಿಸಿ ನೋಡಿದೆ ಮೇಸ್ತ್ರಿ. ಹೋಗೋದೇನೋ ಹೋಗುತ್ತೆ, ನಿಲ್ಲೋದು ಹೇಗೆ? ಹಿಂದಿನ ಬ್ರೇಕು ಎಡಗೈಯಲ್ಲಿದೆ. ಮುಂದಿನದ್ದು ಒಂದನ್ನೇ ಹಿಡಿದ್ರೆ ದಿಬ್ಬ ಇಳಿಯುವಾಗ ಚಕ್ರ ಜಾರುತ್ತೆ. ಅದನ್ನೂ ಬಿಚ್ಚಿ ಬದಲಾಯಿಸಬೇಕು, ಇದನ್ನೂ ಬದಲಾಯಿಸಬೇಕು. ಬದಲಾಯಿಸಲೇಬೇಕು ಅಂದ್ಮೇಲೆ ನನ್ನ ಗಾಡೀನೇ ಬದಲಾಯಿಸಿ. ಇದರ ಬ್ರೇಕು ಒಂದಾದ್ರೂ ಕಾಲಲ್ಲಿದೆ. ಮೇಲಾಗಿ ಇದಕ್ಕೆ ನನ್ನ ಭಾರ ಗೊತ್ತು."

"ಒಂದು ಕೈಯಲ್ಲಿ ಚಪ್ಪಾಳೆ ಆಗಲ್ಲ ಕಣೇ."

"ಗಾಡಿ ಮೇಲೆ ಕೂತು ಚಪ್ಪಾಳೆ ಯಾರು ಹೊಡೀತಾರೋ?"

ನನ್ನಾಕೆ ಹೊಲಿಗೆ ನಿಲ್ಲಿಸಿ ಜೋರಾಗಿ ನಕ್ಕಳು. ಅಣ್ಣ ನಗಲಿಲ್ಲ. "ಒಂದು ಕೈ ಯಂತ್ರಕ್ಕೆ ಕೊಟ್ಟಾಯ್ತು. ಇನ್ನೊಂದನ್ನ ಇನ್ನೊಂದು ಯಂತ್ರಕ್ಕೆ ಕೊಡೋಕೆ ನಾನು ಬಿಡಲ್ಲ," ಎಂದ. ನನ್ನಾಕೆ ತಲೆ ತಗ್ಗಿಸಿ ದಾರ ಹುಡುಕತೊಡಗಿದಳು.

ಎಳೆದಾಡಿ, ಜಗ್ಗಾಡಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಗಾಡಿಯನ್ನು ಅವಳಿಗೆ ಹೊಂದುವಂತೆ ನಾನು ಮಾರ್ಪಡಿಸಬೇಕು. ಅದರಲ್ಲಿ ಅವಳು ಆಸ್ಪತ್ರೆ ದಿಬ್ಬ ಹತ್ತಿ ಇಳಿದು ತೋರಿಸಿದರೆ ಸರಿ. ಆಗಲಿಲ್ಲವೋ, ಮುದುಕಪ್ಪನನ್ನು ಮಾರುವುದು, ಸ್ಕೂಟರ್ ಹತ್ತುವುದು, ಮರುಮಾತಿಲ್ಲ.

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಎಡಗಡೆ ಇದ್ದ ಕ್ಲಚ್ಚಿನ ಹಿಡಿಯನ್ನು ತೆಗೆದು ಬಲಗಡೆ, ಮುಂದಿನ ಬ್ರೇಕಿನ ಹಿಡಿ ಇದ್ದ ಜಾಗದಲ್ಲಿ ಕೂರಿಸಿದೆ. ಮುಂದಿನ ಬ್ರೇಕಿನ ತಂತಿಯನ್ನು ಕೆಳಗಿಳಿಸಿ ಬಲಗಾಲಿನ ಪೆಡಲಿಗೆ ಸೇರಿಸಿದೆ. ಒಂದೇ ಸಲ ತುಳಿದರೆ ಎರಡೂ ಚಕ್ರ ನಿಲ್ಲಬೇಕು. ಹಾರ್ನ್, ದೀಪದ ಗುಂಡಿಗಳೆಲ್ಲ ಬಲ ಹೆಬ್ಬೆರಳಿನ ಪಕ್ಕಕ್ಕೆ ಬಂದವು. ಎಡ ಹ್ಯಾಂಡಲ್ಲಿಗೆ ನನ್ನಾಕೆ ಮೆತ್ತನೆಯ ಚರ್ಮದ ಒಂದು ಬಟ್ಟಲು ಹೊಲಿದು ಕೊಟ್ಟಳು. ತೋಳು ಅದರಲ್ಲಿ ಕೂರಬೇಕು, ಬಿದ್ದರೆ ತಾನಾಗಿ ಕಳಚಿಕೊಳ್ಳಬೇಕು. ಸಾರಿಗೆ ಕಚೇರಿಯವರು ಬಂದು ನೋಡಿ ಒಪ್ಪಿಗೆಯ ಮುದ್ರೆಯನ್ನೂ ಒತ್ತಿದರು. ಸರಕಾರ ಒಪ್ಪಿದರೂ ಅಣ್ಣ ಒಪ್ಪಬೇಕಲ್ಲ!

ಇನ್ನು ನನ್ನ ಕಟ್ಟಳೆ. ಹತ್ತಿ ಕೂತೆ. ಎಡಗೈಯನ್ನು ಅಂಗಿಯ ಒಳಗೆ ಸಿಕ್ಕಿಸಿಕೊಂಡೆ. ಈ ಗಾಡಿ ಹೊರಡಬೇಕಾದರೆ ಬಲಗೈಯ ಬೆರಳುಗಳು ಕ್ಲಚ್ಚನ್ನು ಮೆಲ್ಲಗೆ ಬಿಡುತ್ತಿರಬೇಕು, ಅದೇ ಹೊತ್ತಿಗೆ ಅದೇ ಕೈಯ ಅಂಗೈ ಎಕ್ಸಲೇಟರನ್ನು ತಿರುಗಿಸುತ್ತಿರಬೇಕು. ಬೆರಳು ಬಿಚ್ಚಬೇಕು, ಅಂಗೈ ಹಿಡಿಯಬೇಕು. ಹೇಳುವಾಗ ಸುಲಭ. ನನ್ನ ಕೈ ಬಿಟ್ಟರೆ ಎಲ್ಲವನ್ನೂ ಬಿಡುತ್ತಿತ್ತು, ಹಿಡಿದರೆ ಎಲ್ಲವನ್ನೂ ಹಿಡಿಯುತ್ತಿತ್ತು. ಗಾಡಿ ಒಮ್ಮೆ ಮುಗ್ಗರಿಸಿತು, ಒಮ್ಮೆ ಕುಪ್ಪಳಿಸಿತು, ಹತ್ತು ಸಲ ಸತ್ತಿತು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ರಸ್ತೆ ಸರಿ ಇದೆಯಾ ರೀ?" ಎಂದಳು ನನ್ನಾಕೆ.

ಆ ರೋಷಕ್ಕೆ ಹೇಗೋ ಹೊರಟೇಬಿಟ್ಟೆ. ಎದುರಿಗೆ ಹಳೆಯ ಟೈರುಗಳ ರಾಶಿ. ನಿಲ್ಲಿಸಬೇಕು. ಹುಟ್ಟಿದಾಗಿನಿಂದ ಎಂಬಂತೆ ಅಭ್ಯಾಸವಾದ ಬಲಗೈ ಬ್ರೇಕೆಂದುಕೊಂಡು ಹಿಡಿಯನ್ನು ಬಿಗಿಯಾಗಿ ಹಿಡಿಯಿತು. ಅಲ್ಲಿ ಈಗ ಬ್ರೇಕೆಲ್ಲಿದೆ? ಕ್ಲಚ್ಚು! ಇಂಜಿನ್ ಅಂಗಡಿಯ ಸೂರು ಹಾರುವಂತೆ ಅರಚಿತು, ಗಾಡಿ ಮಾತ್ರ ತನ್ನ ಪಾಡಿಗೆ ತಾನು ಉರುಳಿಕೊಂಡು ಹೋಗಿ ನನ್ನನ್ನು ಟೈರುಗಳ ಮಧ್ಯೆ ಮಲಗಿಸಿತು. ನನ್ನ ಕಾಲು ಪೆಡಲಿನ ನೆನಪೇ ಇಲ್ಲದೆ ಆಕಾಶ ನೋಡುತ್ತಿತ್ತು.

ನನ್ನಾಕೆ ಈ ಸಲ ನಗಲಿಲ್ಲ. ಓಡಿ ಬಂದು ಎಬ್ಬಿಸಿ, ಮೊಣಕೈ ಒರೆಸಿ, "ಆ ಮಗುವಿಗೂ ಹಿಂಗೇ ಆದ್ರೆ?" ಎಂದಳು.

ಅದೇ ಪ್ರಶ್ನೆ ನನ್ನದೂ ಆಗಿತ್ತು. ಬನ್ನಕ್ಕನ ಬಲಗೈ ಕೂಡ ಇಷ್ಟು ವರ್ಷ ಅದೇ ಜಾಗದಲ್ಲಿ ಬ್ರೇಕು ಹಿಡಿದು ಪಳಗಿದ್ದೇ ಅಲ್ಲವೇ? ಟೈರಿನ ರಾಶಿಯಾದರೆ ಸರಿ, ದಿಬ್ಬದಲ್ಲಾದರೆ? ಅವಳಣ್ಣ ಹೇಳಿದ್ದೇ ಸರಿ, ಸ್ಕೂಟರನ್ನೇ ತಂದು ನಿಲ್ಲಿಸಲಿ, ಅದರ ಹಿಂದಿನ ಬ್ರೇಕನ್ನು ಬಲಗಡೆಗೆ ತಂದುಕೊಟ್ಟರಾಯಿತು ಎಂದು ತೀರ್ಮಾನಿಸಿದೆ.

ಮಾರನೆಯ ದಿನ ಅವಳು ಬಟ್ಟಲಿನ ಅಳತೆ ನೋಡಲು ಬಂದಳು. ಹೇಗೆ ಹೇಳಲಿ ಎಂದು ನಾನು ಪಾನಾ ಒರೆಸುತ್ತ ನಿಂತಿದ್ದೆ. ಸೆಖೆಗೆ ಬಾಯಾರಿ ಅವಳು ಮೇಜಿನ ಮೇಲಿದ್ದ ನೀರಿನ ಬಾಟಲಿ ಎತ್ತಿಕೊಂಡಳು, ನನ್ನಾಕೆಯ ಜೊತೆ ಮಾತಾಡುತ್ತಲೇ. ನನ್ನ ಕಣ್ಣು ಅಲ್ಲೇ ನಿಂತಿತು. ಬಾಟಲಿಯ ಕತ್ತನ್ನು ಕಿರುಬೆರಳು, ಉಂಗುರದ ಬೆರಳು ಅಂಗೈಗೆ ಒತ್ತಿ ಹಿಡಿದಿದ್ದವು. ಹೆಬ್ಬೆರಳು, ತೋರುಬೆರಳು ಮೇಲೆ ಬಂದು ಮುಚ್ಚಳವನ್ನು ತಿರುವುತ್ತಿದ್ದವು. ಕೆಳಗಿನ ಬೆರಳು ಬಿಗಿ, ಮೇಲಿನ ಬೆರಳು ಸಡಿಲ. ಮುಚ್ಚಳ ಬಿಚ್ಚಿ ಬಂತು. ಅದು ಕೆಳಗೆ ಬೀಳದಂತೆ ಅದೇ ಎರಡು ಬೆರಳ ನಡುವೆ ಇಟ್ಟುಕೊಂಡೇ ನೀರು ಕುಡಿದಳು, ಮತ್ತೆ ಮುಚ್ಚಿ ಇಟ್ಟಳು. ಅವಳಿಗೆ ತಾನು ಏನು ಮಾಡಿದೆ ಎಂಬ ಗಮನವೂ ಇರಲಿಲ್ಲ. ಬೇಕರಿಯಲ್ಲಿ ತಿಂಡಿ ಕೊಳ್ಳಲು ಬಂದ ಅಜ್ಜಿಯೊಬ್ಬಳನ್ನು ಅನುಕರಿಸಿ ನನ್ನಾಕೆಯನ್ನು ನಗಿಸುತ್ತಿದ್ದಳು.

ಒಂದು ಕೈಯೊಳಗೆ ಎರಡು ಕೈ ಇದ್ದವು. ಒಂದು ಹಿಡಿಯುವ ಕೈ, ಒಂದು ಬಿಡುವ ಕೈ. ಇಷ್ಟು ತಿಂಗಳು ಗುಂಡಿ ಹಾಕುತ್ತ, ಜಡೆ ಹೆಣೆಯುತ್ತ, ಹಿಟ್ಟು ನಾದುತ್ತ ಅವಳು ಮಾಡಿಕೊಂಡ ಕೈ ಅದು.

"ಬನ್ನಕ್ಕ, ಒಂದು ನಿಜ ಹೇಳ್ಬೇಕು. ಈ ಗಾಡೀನ ನನಗೆ ಓಡಿಸೋಕೆ ಆಗಲಿಲ್ಲ. ಬಿದ್ದೆ," ಎಂದೆ.

ಅವಳು ನನ್ನ ಮೊಣಕೈ ಗಾಯ ನೋಡಿದಳು. "ನಿಮಗೆ ಎರಡು ಕೈ ಇದೆಯಲ್ಲ ಮೇಸ್ತ್ರಿ, ಅದಕ್ಕೇ."

"ತಮಾಷೆಯಲ್ಲ. ಬ್ರೇಕು ಅಂತ ಕೈ ತಾನಾಗೇ ಹಿಡೀತು. ನಿನ್ನ ಕೈಗೂ ಅದೇ ಹಳೇ ಅಭ್ಯಾಸ ಇರುತ್ತೆ."

"ಆ ಹಳೇ ಬಲಗೈಗೆ ಜೊತೆಗೊಂದು ಎಡಗೈ ಇತ್ತು," ಎಂದಳು. "ಎಡಗೈ ಜೊತೆಗೇ ಆ ಬಲಗೈಯೂ ಹೋಯ್ತು. ಇದು ಬೇರೆ. ಇದಕ್ಕೆ ಇನ್ನೂ ಯಾವ ಅಭ್ಯಾಸವೂ ಆಗಿಲ್ಲ. ನೀವು ಏನು ಕಲಿಸಿದ್ರೆ ಅದು."

ಅವತ್ತಿನಿಂದ ಸಂಜೆ ಸಂಜೆ ಅಂಗಡಿಯ ಹಿಂದಿನ ಬಯಲಲ್ಲಿ ಅವಳೇ ಅದಕ್ಕೆ ಕಲಿಸಿದಳು. ನಾನು ಹತ್ತಿರ ಹೋದರೆ, "ನೀವು ಬೈಯೋ ಹಾಗೆ ನಿಲ್ತೀರ, ದೂರ ಹೋಗಿ," ಎಂದು ಓಡಿಸುತ್ತಿದ್ದಳು. ಅಂಗಡಿಯೊಳಗೆ ಕೂತು ನಾನೂ ನನ್ನಾಕೆಯೂ ಬರೇ ಸದ್ದು ಕೇಳುತ್ತಿದ್ದೆವು. ಇಂಜಿನ್ ಸಾಯುವುದು, ಮತ್ತೆ ಒದೆತ, ಮತ್ತೆ ಸಾಯುವುದು. ಆಮೇಲೆ ಸಾಯುವುದು ಕಡಿಮೆಯಾಯಿತು. ಒಂದು ಸಂಜೆ ಸಾಯಲೇ ಇಲ್ಲ.

ಒಪ್ಪಂದದ ದಿನ ಅಣ್ಣ ಬೆಳಿಗ್ಗೆಯೇ ಬಂದ. ಸ್ಕೂಟರನ್ನೂ ತಂದಿದ್ದ, ಕ್ರೇಟುಗಳನ್ನೂ ಅದರ ಮೇಲೇ ಕಟ್ಟಿದ್ದ. ತಂಗಿ ಸೋಲುತ್ತಾಳೆ ಎಂದಲ್ಲ, ಸೋತರೆ ಅವಳು ಅಳದೆ ನೇರವಾಗಿ ಕೆಲಸಕ್ಕೆ ಹೋಗಲಿ ಎಂದು. ಆ ಮುಖ ನೋಡಿದರೆ ರಾತ್ರಿ ನಿದ್ದೆ ಮಾಡಿದವನಂತೆ ಇರಲಿಲ್ಲ.

"ಮೇಸ್ತ್ರಿ, ನೀವು ಓಡಿಸಿ ನೋಡಿದ್ರಿ ತಾನೇ?" ಎಂದ.

"ನೋಡಿದೆ. ಬಿದ್ದೆ. ನನಗೆ ಬರಲ್ಲ," ಎಂದೆ.

ಅವನ ಮುಖ ಕಪ್ಪಿಟ್ಟಿತು. "ನಿಮಗೇ ಬರದ ಗಾಡಿ ಮೇಲೆ ನನ್ನ ತಂಗೀನ ಕೂರಿಸ್ತೀರಾ?"

"ಅಣ್ಣ, ಅವರಿಗೆ ಬಿದ್ದು ಗೊತ್ತು, ನನಗೆ ಓಡಿಸಿ ಗೊತ್ತು," ಎಂದು ಬನ್ನಕ್ಕ ಆಗಲೇ ಹತ್ತಿ ಕೂತಿದ್ದಳು. ಎಡತೋಳನ್ನು ಬಟ್ಟಲಿನಲ್ಲಿ ಇಟ್ಟಳು. "ಮೇಸ್ತ್ರಿ, ಹಿಂದೆ ಹತ್ತಿ. ಕ್ರೇಟಿನ ಭಾರಕ್ಕೆ ನೀವೇ ಸರಿ. ನಿಮ್ಮ ಕಣ್ಣಿಂದ ನೋಡಿ ಅಣ್ಣನಿಗೆ ಹೇಳಿ."

ಹತ್ತಿದೆ. ಹೆದರಿದೆನೋ ಎಂದರೆ, ಹೌದು, ಹೆದರಿದೆ. ಭುಜದ ಮೇಲಿಂದ ಬಗ್ಗಿ ಆ ಕೈಯನ್ನೇ ನೋಡುತ್ತ ಕೂತೆ. ತೋರುಬೆರಳು, ನಡುಬೆರಳು ಹಿಡಿಯ ಮೇಲೆ. ಉಳಿದೆರಡು ಬೆರಳು ಎಕ್ಸಲೇಟರಿನ ಸುತ್ತ. ಮೇಲಿನ ಜೋಡಿ ತೆರೆಯಿತು, ಕೆಳಗಿನ ಜೋಡಿ ಮಡಿಚಿತು, ಗಾಡಿ ಹಾಲು ಸುರಿದ ಹಾಗೆ ಹೊರಟಿತು. ಎರಡನೆಯ ಗೇರು, ಮೂರನೆಯದು. ನನ್ನ ಕಿವಿಗೆ ಗೇರು ಬಿದ್ದದ್ದೇ ಕೇಳಲಿಲ್ಲ.

ದಿಬ್ಬದ ಕಡಿದಾದ ಜಾಗದಲ್ಲಿ ಗೋಡೆಗೆ ಬಣ್ಣ ಬಳಿಯುವವನೊಬ್ಬ ಏಣಿಯನ್ನು ಅಡ್ಡ ಹೊತ್ತುಕೊಂಡು, ಅತ್ತಿತ್ತ ನೋಡದೆ ರಸ್ತೆಗಿಳಿದ. ನನ್ನ ಬಲಗೈ ಗಾಳಿಯಲ್ಲೇ ಬ್ರೇಕು ಹಿಡಿಯಿತು, ನಾಚಿಕೆಗೇಡು! ಅವಳ ಬೆರಳುಗಳು ಕ್ಲಚ್ಚನ್ನು ಒಳಗೆಳೆದವು, ಅದೇ ಕ್ಷಣ ಕಾಲು ಪೆಡಲನ್ನು ತುಳಿಯಿತು. ನಿಂತೆವು. ಒಂದಂಗುಲವೂ ಹಿಂದಕ್ಕೆ ಜಾರಲಿಲ್ಲ.

"ಏನ್ರೀ, ಕಣ್ಣನ್ನ ಬಣ್ಣದ ಡಬ್ಬಿಗೆ ಹಾಕ್ಬಿಟ್ರಾ?" ಎಂದಳು ಅವನಿಗೆ.

ಇನ್ನು ಅಲ್ಲಿಂದ ಹೊರಡಬೇಕು. ಏರು, ಹಿಂದೆ ನನ್ನಂಥ ಕ್ರೇಟು. ಎರಡು ಕೈ ಇರುವವರೂ ಬೆವರುವ ಜಾಗ. ಅವಳು ಕಾಲನ್ನು ಪೆಡಲಿನ ಮೇಲೆ ಒತ್ತಿ ಇಟ್ಟಳು. ಇಂಜಿನ್ನಿನ ದನಿ ಒಂದಿಷ್ಟು ಏರಿತು. ಎರಡು ಬೆರಳು, ಮೊಗ್ಗು ಬಿರಿಯುವಷ್ಟು ನಿಧಾನವಾಗಿ, ಬಿಚ್ಚುತ್ತ ಬಂದವು. ಇನ್ನೆರಡು ಅಷ್ಟೇ ನಿಧಾನವಾಗಿ ಮುಚ್ಚುತ್ತ ಹೋದವು. ಎಲ್ಲಿ ಬಿಡುವುದು ಮುಗಿಯಿತು, ಎಲ್ಲಿ ಹಿಡಿಯುವುದು ಶುರುವಾಯಿತು ಎಂದು ನನಗೆ ಕಾಣಲೇ ಇಲ್ಲ. ಕಾಲು ಪೆಡಲನ್ನು ಬಿಟ್ಟಿತು. ಗಾಡಿ ನಮ್ಮಿಬ್ಬರನ್ನೂ ಹೊತ್ತು ಮೇಲೇರಿತು. ನಾನು ಎಷ್ಟೋ ಇಂಜಿನ್ನುಗಳ ಹೊಟ್ಟೆ ಬಗೆದು ನೋಡಿದವನು. ಅಂಥ ಯಂತ್ರವನ್ನು ಎಲ್ಲೂ ನೋಡಿರಲಿಲ್ಲ.

ಆಸ್ಪತ್ರೆಯ ಗೇಟಿನ ಹತ್ತಿರ ತಿರುಗಿಸಿ ಇಳಿಯತೊಡಗಿದಳು. ದಿಬ್ಬದ ಬುಡದಲ್ಲಿ ಅಣ್ಣ, ನನ್ನಾಕೆ ಇಬ್ಬರೂ ರಸ್ತೆ ನಡುವೆ ಬಂದು ನಿಂತಿದ್ದರು. ನಾವು ಅವರ ಮುಂದೆ ಬಂದು ನಿಂತದ್ದೇ ಅಣ್ಣ ನನ್ನ ಮುಖ ನೋಡಿದ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಕಣ್ಣು ತುಂಬಿಕೊಂಡಿತು. ಅವನಿಗೆ ಅಷ್ಟು ಸಾಕಾಯಿತು. ಅಂಗಡಿಯತ್ತ ನಡೆದು, ಸ್ಕೂಟರಿನ ಹಗ್ಗ ಬಿಚ್ಚಿ, ಕ್ರೇಟುಗಳನ್ನು ಒಂದೊಂದಾಗಿ ಇಳಿಸತೊಡಗಿದ.

"ಮೇಸ್ತ್ರಿ," ಎಂದಳು ಬನ್ನಕ್ಕ, ಯಾವ ಗಿರಾಕಿಯೂ ಗೊಣಗುವ ಹಾಗೆ, "ಕ್ಲಚ್ಚು ಸ್ವಲ್ಪ ಬಿಗಿ ಮಾಡ್ಬಿಟ್ಟಿದ್ದೀರ ಕಣ್ರೀ. ಒಂದು ಸುತ್ತು ಸಡಿಲ ಮಾಡಿ, ಬೇಗ. ಬನ್ನು ಆರಿಹೋಗುತ್ತೆ."