ಮುಳುಗಲು ಬಾರದ ಚಿಕ್ಕಮ್ಮ

ಶಾಲೆಗೆ ಬೇಸಿಗೆ ರಜೆ ಬಂತೆಂದರೆ ಊರಿಗೆಲ್ಲ ಖುಷಿ, ಲೆಕ್ಕದ ಟೀಚರಿಗೆ ಮಾತ್ರ ಗ್ರಹಣ. ವರ್ಷವಿಡೀ ಮಕ್ಕಳ ಗಲಾಟೆಯ ನಡುವೆ ಗಟ್ಟಿಯಾಗಿ ನಿಲ್ಲುವವಳು, ಬಿಸಿಲು ಬಲಿತು ಶಾಲೆಗೆ ಬೀಗ ಬಿದ್ದೊಡನೆ ಹಿಂಡದ ಬಟ್ಟೆಯಂತೆ ಮಂಚದ ಮೇಲೆ ಬೀಳುತ್ತಿದ್ದಳು. ರಾತ್ರಿ ಸೆಕೆಗೆ ನಿದ್ದೆ ಹತ್ತದು, ಹಗಲು ಏಳಲು ಮನಸ್ಸು ಬಾರದು. ಕಿಟಕಿಗೆ ದಪ್ಪ ಪರದೆ, ತಲೆಯ ಮೇಲೆ ಕಿರ್ರೆನ್ನುವ ಫ್ಯಾನು, ಪಕ್ಕದಲ್ಲಿ ಅರ್ಧ ಕುಡಿದಿಟ್ಟ ಲೋಟಗಳ ಸಾಲು. ಬೀದಿಯಲ್ಲಿ ಯಾರಾದರೂ ನಕ್ಕರೂ ಅವಳ ಕಣ್ಣು ತುಂಬುತ್ತಿತ್ತು. ಸ್ನೇಹಿತೆಯರಿಗೆ ಹೇಳಿಕೊಂಡರೆ, "ರಜಾ ಇದೆ, ಮಜಾ ಮಾಡೋದು ಬಿಟ್ಟು!" ಎಂಬ ಉಪದೇಶ.

ಡಾಕ್ಟರು ಹಾಗನ್ನಲಿಲ್ಲ. "ಕೆಲವರಿಗೆ ಬೇಸಿಗೆ ಬಂದ್ರೆ ಮನಸ್ಸು ಹೀಗೆ ಕುಗ್ಗುತ್ತೆ, ಅದೂ ಒಂದು ಕಾಯಿಲೆ. ಇದು ಸೋಮಾರಿತನ ಅಲ್ಲ," ಎಂದರು. ಬೆಳಗಿನ ತಂಪಿನಲ್ಲಿ ಹೊರಗೆ ಹೋಗಬೇಕು, ಮೈ ದಣಿಸಬೇಕು, ಮತ್ತೆ ಬಂದು ತೋರಿಸಬೇಕು ಎಂದೂ ಹೇಳಿದರು. ಅವಳು ಎಲ್ಲದಕ್ಕೂ ಹೂಂಗುಟ್ಟಿ, ಮನೆಗೆ ಬಂದು ಪರದೆ ಎಳೆದುಕೊಂಡಳು.

ಮನೆಯಲ್ಲಿ ಅವಳ ಜೊತೆಗಿದ್ದದ್ದು ಚಿಕ್ಕಮ್ಮ ಒಬ್ಬಳೇ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು. ಸುಳ್ಳು ಹೇಳುವವರನ್ನು ಹಿಡಿದೂ ಹಿಡಿದೂ ಆ ವಿದ್ಯೆಯಲ್ಲಿ ತಾನೇ ಪಳಗಿದ್ದಳು.

ಒಂದು ಬೆಳಿಗ್ಗೆ ಅವಳು ಮಂಚದ ಪಕ್ಕ ಬಂದು ನಿಂತಳು. "ಏಳೇ. ನನ್ನ ಮಂಡಿ ನೋವಿಗೆ ಈಜು ಕಲೀಬೇಕಂತೆ."

"ಕಲಿ ಚಿಕ್ಕಮ್ಮ."

"ಒಬ್ಬಳೇ ಹೆಂಗೆ ಹೋಗ್ಲಿ? ನಂಗೆ ಬಕೆಟ್ ನೀರು ಕಂಡ್ರೂ ಎದೆ ಡವಡವ ಅನ್ನುತ್ತೆ."

"ಹಾಗಾದ್ರೆ ಕಲೀಬೇಡ."

"ಆಯ್ತು ಬಿಡು, ಹೋಗ್ತೀನಿ. ವಾಪಸ್ ಬರದಿದ್ರೆ ಕುಂಡಗಳಿಗೆ ನೀರು ಹಾಕೋದು ಮರೀಬೇಡ."

ಟೀಚರ್ ಗೊಣಗುತ್ತಾ ಎದ್ದಳು. ಈಜುಕೊಳದ ಬಳಿ ಹೋದರೆ, ಸುಮ್ಮನೆ ಕೂತು ನೋಡುವವರನ್ನು ಒಳಗೆ ಬಿಡುವುದಿಲ್ಲ ಎಂಬ ನಿಯಮ. ಚಿಕ್ಕಮ್ಮನ ಚೀಲದಲ್ಲಿ ಅದು ಹೇಗೋ ಎರಡು ಈಜುಡುಗೆ, ಎರಡು ರಬ್ಬರ್ ಟೋಪಿಗಳಿದ್ದವು!

ಹೆಂಗಸರ ತಂಡಕ್ಕೆ ಕಲಿಸುತ್ತಿದ್ದವಳು ಸೀಟಿ ಮೇಡಂ. ಮಾತಿಗಿಂತ ಸೀಟಿಯನ್ನೇ ಹೆಚ್ಚು ಬಳಸುತ್ತಿದ್ದುದರಿಂದ ಆ ಹೆಸರು. ಚಿಕ್ಕಮ್ಮ ಮೆಟ್ಟಿಲ ಕಂಬಿಯನ್ನು ಅವುಚಿಕೊಂಡು, ಪಾದ ನೆನೆದದ್ದೇ ಕಿಟಾರನೆ ಕಿರುಚಿದಳು. ಅವಳ ಕೈ ಹಿಡಿಯಲು ಟೀಚರ್ ಸೊಂಟದವರೆಗೆ ಇಳಿದಳು. ಮರುದಿನ ಅವಳಿಗೆ ಧೈರ್ಯ ತುಂಬಲು ಮುಖ ಮುಳುಗಿಸಿ ತೋರಿಸಿದಳು. ವಾರ ಕಳೆಯುವಷ್ಟರಲ್ಲಿ ತಾನೇ ತೇಲತೊಡಗಿದ್ದಳು. ಚಿಕ್ಕಮ್ಮ ಮಾತ್ರ ಕಂಬಿ ಬಿಟ್ಟಿರಲಿಲ್ಲ.

ಎಲ್ಲ ದಿನವೂ ಸಲೀಸಾಗಿರಲಿಲ್ಲ. ಕೆಲವು ಬೆಳಿಗ್ಗೆ ಟೀಚರ್ ಗೋಡೆಯ ಕಡೆ ಹೊರಳಿ "ಇವತ್ತು ಆಗಲ್ಲ" ಎನ್ನುತ್ತಿದ್ದಳು. ಆಗ ಚಿಕ್ಕಮ್ಮ ಬಲವಂತ ಮಾಡುತ್ತಿರಲಿಲ್ಲ. ಟೋಪಿ, ಈಜುಗನ್ನಡಕ ತೊಟ್ಟು, ದೊಡ್ಡ ಕಪ್ಪೆಯ ಹಾಗೆ ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದಳು. ಅದನ್ನು ನೋಡಿಕೊಂಡು ಎಷ್ಟು ಹೊತ್ತು ಮಲಗುವುದು? ದಣಿದ ಮೈಗೆ ರಾತ್ರಿ ಒಂದಿಷ್ಟು ನಿದ್ದೆ ಹತ್ತತೊಡಗಿತು.

ಒಂದು ದಿನ ತಂಡವೆಲ್ಲ ಹೊರಟ ಮೇಲೆ, ಕೊಳದ ಬಳಿ ಟವೆಲ್ ಮರೆತ ಟೀಚರ್ ಬಟ್ಟೆ ಬದಲಿಸುವ ಕೋಣೆಯಿಂದ ವಾಪಸ್ಸು ಬಂದಳು. ಆಳದ ತುದಿಯಲ್ಲಿ ಯಾರೋ ಅಂಗಾತ ತೇಲುತ್ತಾ, ಬಾಯಲ್ಲಿ ನೀರಿನ ಕಾರಂಜಿ ಚಿಮ್ಮಿಸುತ್ತಿದ್ದರು. ಅನಂತರ ಪಲ್ಟಿ ಹೊಡೆದು, ಮುಳುಗಿ, ಇನ್ನೊಂದು ದಡದಲ್ಲೆದ್ದರು. ಚಿಕ್ಕಮ್ಮ!

ಟೀಚರ್ ಬಾಗಿಲ ಮರೆಯಲ್ಲೇ ನಿಂತು ನೋಡಿದಳು. ಮೊದಲು ಮೈಯೆಲ್ಲ ಉರಿಯಿತು. ಆಮೇಲೆ ಎಲ್ಲಿಂದಲೋ ನಗು ಒದ್ದುಕೊಂಡು ಬಂತು. ರಜೆ ಶುರುವಾದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಸದ್ದು ಕೇಳದಿರಲೆಂದು ಬಾಯಿಗೆ ಕೈ ಅಡ್ಡ ಹಿಡಿದಳು.

ಮರುದಿನ ಎಲ್ಲರ ಮುಂದೆ ಮುಖ ಸಪ್ಪೆ ಮಾಡಿಕೊಂಡು ಹೇಳಿದಳು: "ಮೇಡಂ, ನಮ್ಮ ಚಿಕ್ಕಮ್ಮಂಗೆ ಭಯ ಇನ್ನೂ ಹೋಗಿಲ್ಲ. ಪಾಪ, ಮಕ್ಕಳ ಕೊಳದಲ್ಲಿ ಬಿಡೋಣ."

ಚಿಕ್ಕಮ್ಮನ ತೋಳುಗಳಿಗೆ ಬಾತುಕೋಳಿ ಚಿತ್ರದ, ಗಾಳಿ ತುಂಬಿದ ತೇಲುಪಟ್ಟಿಗಳು ಏರಿದವು. ಮೊಣಕಾಲುದ್ದ ನೀರಿನಲ್ಲಿ ಕೂತು ಆಕೆ ಹಲ್ಲು ಕಚ್ಚಿಕೊಂಡೇ ನಡುಗಿ ತೋರಿಸಿದಳು. ತಂಡದ ಹೆಂಗಸರು ಸುತ್ತುವರಿದರು. ಒಬ್ಬಳು ಬಗ್ಗಿ, "ನೋಡಿ ಅಜ್ಜಿ, ಹಿಂಗೆ ಬಾಯಲ್ಲಿ ಗುಳುಗುಳು ಮಾಡಿ," ಎಂದಳು.

ಅಜ್ಜಿ! ಚಿಕ್ಕಮ್ಮ ಎಲ್ಲವನ್ನೂ ಸಹಿಸಿಯಾಳು, ಇದನ್ನಲ್ಲ. ಪಟ್ಟಿಗಳನ್ನು ಕಿತ್ತೆಸೆದು, ದೊಡ್ಡ ಕೊಳದ ಅಂಚಿಗೆ ದಾಪುಗಾಲಿಟ್ಟು, ಬಾಣದಂತೆ ಹಾರಿದಳು. ಸೀಟಿ ಮೇಡಂ ಬಾಯಿಂದ ಸೀಟಿ ಜಾರಿತು.

ಕೊಳದುದ್ದ ಹೋಗಿ ಬಂದ ಚಿಕ್ಕಮ್ಮ ಟೀಚರ ಪಾದದ ಬಳಿ ತಲೆಯೆತ್ತಿದಳು. "ಯಾವಾಗ ಗೊತ್ತಾಯ್ತೇ?"

"ನಿನ್ನೆ. ಮಂಡಿ ನೋವು ಹೆಂಗಿದೆ?"

"ಮಂಡಿಗೇನು ಧಾಡಿ?"

"ನನ್ನ ಹತ್ರ ನಿಜ ಹೇಳಬಹುದಿತ್ತಲ್ಲ ಚಿಕ್ಕಮ್ಮ."

"ನಿನಗೋಸ್ಕರ ಏಳು ಅಂದಿದ್ರೆ ಏಳ್ತಿದ್ಯಾ?"

ಟೀಚರ್ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಳು. "ಏಳ್ತಿರಲಿಲ್ಲ," ಎಂದಳು. "ಈಗಲೂ ಕೆಲವು ದಿನ ತುಂಬಾ ಕಷ್ಟ."

"ಗೊತ್ತು ಕಣೇ. ಡಾಕ್ಟರ ಹತ್ರ ಹೋದಾಗ ಅದನ್ನೂ ಹೇಳು. ನಾನೂ ಬರ್ತೀನಿ."

"ಬಾ. ಆದರೆ ಅಲ್ಲಿ ನೀನು ಬಾಯಿ ಬಿಡೋ ಹಾಗಿಲ್ಲ."

ನಾಟಕಕ್ಕೆ ಶಿಕ್ಷೆಯಾಗಿ ಸೀಟಿ ಮೇಡಂ ಹೊಸಬರಿಗೆಲ್ಲ ತೇಲುವುದನ್ನು ಕಲಿಸುವ ಕೆಲಸವನ್ನು ಚಿಕ್ಕಮ್ಮನ ತಲೆಗೇ ಕಟ್ಟಿದಳು. ಬಿಸಿಲೇನೂ ಇಳಿಯಲಿಲ್ಲ. ಕೆಲವು ಮಧ್ಯಾಹ್ನ ಟೀಚರ ಎದೆ ಹಿಂದಿನಂತೆಯೇ ಭಾರವಾಗುತ್ತಿತ್ತು. ಆದರೂ ಒಂದು ಬೆಳಿಗ್ಗೆ ಅವಳಿಗೆ ತಾನಾಗಿಯೇ ಎಚ್ಚರವಾಯಿತು. ಚಿಕ್ಕಮ್ಮ ಇನ್ನೂ ಗೊರಕೆ ಹೊಡೆಯುತ್ತಿದ್ದಳು. ಎಬ್ಬಿಸದೆ ಚೀಲ ಹೆಗಲಿಗೇರಿಸಿ ಹೊರಟಳು. ನೀರು ಕೊರೆಯುತ್ತಿತ್ತು. ಅದಕ್ಕೆ ಬಾಯಿಗೆ ಬಂದಂತೆ ಬೈದು, ಮೂಗು ಹಿಡಿದುಕೊಂಡು ಇಳಿದಳು.