ಮೂರು ತಾಸಿನ ದಾರಿ

“ಪೆಟ್ಟಿಗಿ ಎಲ್ಲಿ ಇಳಸ್ಲಿ?” ಹೊಸಪೇಟೆಯಿಂದ ಶವದ ಫ್ರೀಜರ್ ತಂದ ಹುಲಿಗೇಶ್ ಎರಡನೇ ಸಲ ಕೇಳಿದ. ಮೆಟ್ರಿ ಊರಿನ ಆ ಮನೆಯ ಪಡಸಾಲೆಯಲ್ಲಿ ಗಾಯತ್ರಿಯನ್ನು ಚಾಪೆಯ ಮೇಲೆ ಮಲಗಿಸಿದ್ದರು. ಜ್ವರ ತಲೆಗೇರಿ ಬೆಳಿಗ್ಗೆಯಷ್ಟೇ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟಿದ್ದಳು. ಮೊನ್ನೆಯವರೆಗೂ ಮನೆ ತುಂಬ ಓಡಾಡಿಕೊಂಡಿದ್ದ ಸೊಸೆ.

ಪೆಟ್ಟಿಗೆ ತರಿಸಿದ್ದು ಅತ್ತೆ ಪಂಪಮ್ಮ. ಅವಳ ಮಗ, ಗಾಯತ್ರಿಯ ಗಂಡ ಈಶ್ವರ್ ಮಸ್ಕತ್ತಿನಲ್ಲಿ ಲಾರಿ ಓಡಿಸುತ್ತಾನೆ. “ಆಕಿ ಮುಖ ನೋಡೋತನ ಮಣ್ಣು ಮಾಡಬ್ಯಾಡ್ರಿ ಅವ್ವಾ,” ಎಂದು ಫೋನಿನಲ್ಲಿ ಗೋಗರೆದಿದ್ದ.

ಮಣ್ಣಿನ ವಿಧಿ ಮಾಡಿಸಲು ಬಂದಿದ್ದ ಅಯ್ಯನವರು ಚನ್ನಯ್ಯ ಗಾಯತ್ರಿಯ ಮೊಣಕಾಲು ಮುಟ್ಟಿ ನೋಡಿದರು. “ಪಂಪಮ್ಮಾ, ಮೈ ಬಿಗಿಯಾಕ ಹತ್ತೈತಿ. ಪೆಟ್ಟಿಗ್ಯಾಗ ಮಲಗಿಸಿದ್ರ ನಾಳೆ ಕುಂದ್ರಸಾಕ ಬರಂಗಿಲ್ಲ. ಕುಂದ್ರಿಸಿ ಬೆಳಗಾಗೋತನ ಹೊರಗ ಇಡಾಣಂದ್ರ ಈ ಬ್ಯಾಸಿಗ್ಯಾಗ ಆಗೋ ಮಾತಲ್ಲ. ಜಲ್ದಿ ಹೇಳವ್ವ.”

ಗಾಯತ್ರಿಯ ತಾಯಿ ಚೆನ್ನಬಸಮ್ಮ ಮಗಳ ತಲೆಯನ್ನು ತೊಡೆಯಿಂದ ಇಳಿಸಿರಲಿಲ್ಲ. “ನಮ್ಮ ಮನಿತನದಾಗ ಯಾರನ್ನೂ ಅಡ್ಡ ಮಲಗಿಸಿ ಕಳಸಿಲ್ಲ. ಅಂಗೈಯಾಗ ಲಿಂಗ ಹಿಡಕೊಂಡು ಕುಂತು ಹೋಗೋದೂ ನನ್ನ ಮಗಳಿಗೆ ಇಲ್ಲೇನು? ನಿನ್ನ ಕಾಲಿಗೆ ಬೀಳ್ತೀನಿ ಪಂಪಕ್ಕಾ.”

ಅಷ್ಟರಲ್ಲಿ ಫೋನ್ ಬಂತು. “ಅವ್ವಾ, ವಿಮಾನದಾಗ ಕುಂತೀನಿ. ಬೆಂಗಳೂರಿಗೆ ಮೂರ್ ತಾಸಷ್ಟ. ಪೆಟ್ಟಿಗಿ ಬಂತಾ? ಕಾಯ್ತೀರಲ್ಲ?”

ಮೂರು ತಾಸಂತೆ. ವಿಮಾನದವರಿಗೇನು, ಅಷ್ಟು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಬೆಂಗಳೂರಿನಿಂದ ಮೆಟ್ರಿಗೆ ಅದರ ಎರಡು ಪಟ್ಟು ಹೊತ್ತು ಬೇಕು. ಅವನು ಬಂದು ಮುಟ್ಟುವಾಗ ನಡುರಾತ್ರಿ ದಾಟಿ, ಮಣ್ಣು ಮಾಡುವಾಗ ಬೆಳಗಾಗುತ್ತಿತ್ತು. ಇಲ್ಲ ಎಂದರೆ ಮಗ ಆ ಮೂರು ತಾಸೂ ಗುರುತಿಲ್ಲದವರ ನಡುವೆ ಒಬ್ಬನೇ ಕೂತು ಸಾಯಬೇಕು. ಪಂಪಮ್ಮ ಚೆನ್ನಬಸಮ್ಮನನ್ನು ನೋಡಿದಳು.

“ಬಂತಪ್ಪಾ. ಕಾಯ್ತೀವಿ. ನೀ ಬಾ,” ಎಂದಳು.

“ಫೋನ್ ಬಂದ್ ಮಾಡ್ರಿ ಅನ್ನಾಕತ್ತಾರ. ಇಡ್ತೀನಿ.”

ಅವನಿಗೆ ಇನ್ನು ಮೂರು ತಾಸು ಏನೂ ಕೇಳಿಸುವುದಿಲ್ಲ. ಪಂಪಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, “ಕುಂದ್ರಿಸ್ರಿ ಅಯ್ಯಾರ,” ಎಂದಳು. ಹುಲಿಗೇಶ್ ಪೆಟ್ಟಿಗೆಯನ್ನು ಇಳಿಸದೆಯೇ ಗಾಡಿ ತಿರುಗಿಸಿದ.

ಗಂಡಸರಿಬ್ಬರು ಬಿಗಿದ ಕಾಲುಗಳನ್ನು ನಿಧಾನವಾಗಿ ಮಡಚಿದರು. ಗೋಡೆಗೆ ಒರಗಿಸಿ, ಬಟ್ಟೆಯಿಂದ ಕಟ್ಟಿ, ಹಣೆಗೂ ಮೈಗೂ ವಿಭೂತಿ ಬಳಿದು ಹೂವೇರಿಸಿದರು. ಹಸಿರು ಸೀರೆಯಲ್ಲಿ ಗಾಯತ್ರಿ ಯಾರೋ ಕರೆದರೆ ಈಗಲೇ ಏಳುವವಳ ಹಾಗೆ ಕೂತಿದ್ದಳು. ಈಶ್ವರ್ ಸಮುದ್ರದ ಮೇಲೆಲ್ಲೋ ಇದ್ದಾಗ ಅವಳನ್ನು ಹೊತ್ತುಕೊಂಡು ಹೊಲಕ್ಕೆ ನಡೆದರು. ಹೊತ್ತು ಮುಳುಗುವ ಮೊದಲು ಕುಣಿ ಮುಚ್ಚಿಯಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಫೋನ್ ಬಡಿದುಕೊಂಡಿತು. ವಿಡಿಯೋ ಕಾಲ್. ಈಶ್ವರನ ಕಣ್ಣುಗಳು ಊದಿಕೊಂಡಿದ್ದವು, ಹಿಂದೆ ಜನ ಸೂಟ್‌ಕೇಸ್ ಎಳೆದುಕೊಂಡು ಓಡುತ್ತಿದ್ದರು.

“ಇಳಿದೆ ಅವ್ವಾ. ಕರೆಂಟ್ ಹೋಗಿಲ್ಲಲ್ಲ? ಒಂದೀಟು ಆಕಿ ಮುಖ ತೋರಿಸು.”

“ಏನರ ಉಂಡು ಬಾರಪ್ಪಾ. ದಾರಿ ಭಾಳ ಐತಿ.”

“ಉಣ್ತೀನಿ. ಮೊದಲು ತೋರಿಸು.”

ಪಂಪಮ್ಮ ಫೋನನ್ನು ಗೋಡೆಯ ಕಡೆ ತಿರುಗಿಸಿದಳು. ಅಲ್ಲಿ ಗಾಯತ್ರಿ ಒರಗಿದ್ದ ಬೆನ್ನಿನಗಲಕ್ಕೆ ವಿಭೂತಿ ಹತ್ತಿತ್ತು, ಕೆಳಗೆ ಒಂದೆರಡು ಚೆಂಡು ಹೂವು ಬಿದ್ದಿದ್ದವು.

“ಅವ್ವಾ, ಬರೇ ಗೋಡಿ ಕಾಣಾಕತ್ತೈತಿ,” ಎಂದ ಈಶ್ವರ್. “ಸರಿಯಾಗಿ ಹಿಡಿ. ಇನ್ನೊಂಚೂರು ಕೆಳಗ ಹಿಡಿ.”

ಅವಳು ಇನ್ನೊಂಚೂರು ಕೆಳಗೆ ಹಿಡಿದಳು.