ಬಾಗಿಲಿಗಿಂತ ಅಗಲವಾದ ಗಾಡಿ

"ಎತ್ತಿ, ಎತ್ತಿ! ಹಿಂದಿನ ಚಕ್ರ ಇನ್ನೊಂಚೂರು ಬಲಕ್ಕೆ... ಅಯ್ಯೋ ನಿಲ್ಸಿ, ನಿಲ್ಸಿ!"

ಟಕ್ ಎಂದು ಸದ್ದಾಯಿತು. ಬೈಕಿನ ಮುಂದಿನ ಚಕ್ರ ಹೊಸ್ತಿಲು ದಾಟಿ ಹೊರಗೆ ಬಂದಿತ್ತು, ಹ್ಯಾಂಡಲ್ ಕೂಡ ಓರೆಯಾಗಿ ದಾಟಿತ್ತು. ಆದರೆ ಎಡಗಡೆಗೆ ಜೋಡಿಸಿದ್ದ, ಒಬ್ಬರು ಕೂರುವ ಮರದ ಸೈಡ್‌ಕಾರ್ ಬಾಗಿಲ ಚೌಕಟ್ಟಿಗೆ ಬಡಿದು ನಿಂತುಬಿಟ್ಟಿತು. ಒಳಗೆ ಇಬ್ಬರು, ಹೊರಗೆ ಇಬ್ಬರು, ನಡುವೆ ಗಾಡಿ. ಅತ್ತಲೂ ಇಲ್ಲ, ಇತ್ತಲೂ ಇಲ್ಲ.

"ಬರಲ್ಲ ಕಣ್ರಯ್ಯ," ಎಂದು ವೆಲ್ಡರ್ ಬೆವರು ಒರೆಸಿಕೊಂಡ. ಸತ್ತವನ ಜೀವದ ಗೆಳೆಯ ಅವನು. ಸೈಡ್‌ಕಾರಿನ ಕೆಳಗಿನ ಕಬ್ಬಿಣದ ಚೌಕಟ್ಟು ಅವನದೇ ಕೈಕೆಲಸ. "ನಾಲ್ಕು ಬೆರಳು ಜಾಸ್ತಿ ಇದೆ. ತಲೆ ಕೆಳಗೆ ಮಾಡಿದ್ರೂ ಬರಲ್ಲ."

"ಊರಿಗೆಲ್ಲ ಬಾಗಿಲು ಮಾಡಿಕೊಟ್ಟೋನು," ಎಂದಳು ಬೀದಿಯಲ್ಲಿ ನಿಂತಿದ್ದ ಪಕ್ಕದ ಮನೆ ಅಜ್ಜಿ, "ತನ್ನ ಮನೆ ಬಾಗಿಲು ಅಳೆಯೋದೇ ಮರೆತ ನೋಡಿ."

ಯಾರೋ ಕಿಸಕ್ಕನೆ ನಕ್ಕು, ಆಮೇಲೆ ಕೆಮ್ಮಿದಂತೆ ನಟಿಸಿದರು. ಆ ಬೀದಿಯ ಮುಕ್ಕಾಲು ಪಾಲು ಬಾಗಿಲುಗಳು ಬಡಗಿ ಮೇಸ್ತ್ರಿಯ ಕೈಯಲ್ಲೇ ಆದವು. ಈಗ ಆ ಮೇಸ್ತ್ರಿ ಒಳಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಅವನು ಹೊರಗೆ ಬರಬೇಕಾದರೆ ಮುಂದಿನ ಕೋಣೆ ದಾಟಬೇಕು. ಮುಂದಿನ ಕೋಣೆ ತುಂಬ ಅವನದೇ ಗಾಡಿ.

"ಹಿತ್ತಲ ಬಾಗಿಲಿಂದ ತಗೊಂಡು ಹೋಗೋಣ ಅತ್ತಿಗೆ," ಎಂದ ಮೇಸ್ತ್ರಿಯ ತಮ್ಮ. ನಿನ್ನೆಯಿಂದ ಎಲ್ಲ ಓಡಾಟವೂ ಅವನದೇ. "ವ್ಯಾನ್ ಡ್ರೈವರ್ ಆಗ್ಲೇ ಎರಡು ಸಲ ಹಾರ್ನ್ ಹೊಡೆದ."

ಅತ್ತಿಗೆ, ಅಂದರೆ ಮೇಸ್ತ್ರಿಯ ಹೆಂಡತಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಬಗ್ಗದ ಬಲಗಾಲು ಮುಂದೆ ಚಾಚಿತ್ತು, ಊರುಗೋಲು ತೊಡೆಯ ಮೇಲಿತ್ತು. ಬೆಳಗ್ಗಿನಿಂದ ಅವಳು ಅತ್ತಿರಲಿಲ್ಲ.

"ಹಿತ್ತಲಲ್ಲಿ ಚರಂಡಿ ಇದೆ," ಎಂದಳು. "ಮುಂಬಾಗಿಲು ಮಾಡಿದ ಮನುಷ್ಯ ಚರಂಡಿ ದಾಟಿ ಹೋಗೋದು ಬೇಡ."

"ಹಂಗಾದ್ರೆ ಗಾಡಿ ಬಿಚ್ಬೇಕು. ಬೇರೆ ದಾರಿ ಇಲ್ಲ."

ಅವಳು ಗಾಡಿಯ ಕಡೆ ಒಮ್ಮೆ ನೋಡಿ, ಕಿಟಕಿಯಾಚೆ ಕಣ್ಣು ನೆಟ್ಟಳು.

*

ಬೈಕು ಅವರ ಮದುವೆಗಿಂತ ಹಳೆಯದು. ಮೇಸ್ತ್ರಿ ಮುಂದೆ, ಅವಳು ಹಿಂದೆ, ನಡುವೆ ಉಳಿ ಗರಗಸಗಳ ಚೀಲ. ಕೆಲಸ ಮುಗಿದ ಸಂಜೆ ನದಿಯ ಸೇತುವೆವರೆಗೆ ಒಂದು ಸುತ್ತು. ಅವನಿಗೆ ಒಂದು ಕೆಟ್ಟ ಚಾಳಿ: ಗಾಡಿ ಓಡಿಸುತ್ತ ಹಿಂದಕ್ಕೆ ತಿರುಗಿ ಮಾತಾಡುವುದು. ಮಾತಿಗೆ ಬಿದ್ದರೆ ರಸ್ತೆಯ ಉಬ್ಬು ಅವನಿಗೆ ಕಾಣುತ್ತಲೇ ಇರಲಿಲ್ಲ. ಹಾಗಾಗಿ ಉಬ್ಬು ಬರುವ ಮೊದಲೇ ಅವಳು ಅವನ ಬೆನ್ನಿಗೆ ಎರಡು ಸಲ ತಟ್ಟುತ್ತಿದ್ದಳು. ಪಟ್ ಪಟ್. ಅವನು ಮಾತು ನಿಲ್ಲಿಸದೆಯೇ ಗೇರ್ ಇಳಿಸುತ್ತಿದ್ದ.

ಆಮೇಲೆ ಅವಳು ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಕೂಡಿಕೊಂಡಿತೇನೋ ನಿಜ, ಕಾಲು ಮಾತ್ರ ಬಗ್ಗಲಿಲ್ಲ.

ಮೇಸ್ತ್ರಿ ಒಂದು ವಾರ ಒಬ್ಬನೇ ಬೈಕಿನಲ್ಲಿ ಕೆಲಸಕ್ಕೆ ಹೋಗಿ ನೋಡಿದ. ಆಮೇಲೆ ಅದನ್ನು ಗೋಡೆಗೆ ಒರಗಿಸಿ ತಾಡಪಾಲು ಹೊದಿಸಿ, ಬಸ್ಸಿಗೆ ಹೋಗತೊಡಗಿದ.

"ಯಾಕೆ, ಗಾಡಿಗೇನಾಯ್ತು?"

"ಹಿಂದೆ ನೀನಿಲ್ದೆ ಎಗರುತ್ತೆ ಕಣೆ. ಖಾಲಿ ಡಬ್ಬ ಆಗಿಹೋಗಿದೆ."

ಅವಳು ಹೊರಗೆ ಹೋಗುವುದನ್ನೇ ಬಿಟ್ಟಳು. ಆಸ್ಪತ್ರೆಯಿಂದ ಬಂದ ದಿನ ಕುಂಟುತ್ತ ಗೇಟು ದಾಟುವಾಗ ಬೀದಿಯ ಹೆಂಗಸರೆಲ್ಲ ಮಾತು ನಿಲ್ಲಿಸಿ ಅವಳ ಕಾಲನ್ನು ನೋಡಿದ್ದರು. ಅಷ್ಟೇ. ಅವತ್ತಿನಿಂದ ಅವಳ ಬೀದಿ ಎಂದರೆ ಮುಂದಿನ ಕೋಣೆಯ ಅಗಲ ಕಿಟಕಿ. ಪರದೆ ಅರ್ಧ ಎಳೆದುಕೊಂಡು ಕೂತರೆ ಅವಳಿಗೆ ಎಲ್ಲರೂ ಕಾಣುತ್ತಿದ್ದರು, ಅವಳು ಯಾರಿಗೂ ಕಾಣುತ್ತಿರಲಿಲ್ಲ.

ಒಂದು ಭಾನುವಾರ ಮೇಸ್ತ್ರಿ ಸೋಫಾವನ್ನು ತಮ್ಮನ ಮನೆಗೆ ಸಾಗಿಸಿ, ಬೈಕನ್ನು ಮುಂದಿನ ಕೋಣೆಗೆ ತಳ್ಳಿಕೊಂಡು ಬಂದ.

"ಇದೇನ್ರೀ ಇದು! ಮನೆಯೋ, ಗ್ಯಾರೇಜೋ?"

"ಹೊರಗೆ ಶೆಡ್ಡಲ್ಲಿ ಇಟ್ಕೊಂಡ್ರೆ ನಾನು ಅಲ್ಲಿ, ನೀನಿಲ್ಲಿ. ಬೈಯ್ಯೋಕಾದ್ರೂ ಹತ್ರ ಇರ್ಬೇಕಲ್ಲ."

ಎಂಜಿನ್ ಬಿಚ್ಚಿ ಹಳೇ ಬೆಡ್‌ಶೀಟಿನ ಮೇಲೆ ಹರಡಿದ. ಕಾರ್ಬೊರೇಟರನ್ನು ಅವಳು ಬಿಸಾಡಿದ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದ. ತುಕ್ಕು ಹಿಡಿದ ಟ್ಯಾಂಕನ್ನು ತಿಂಗಳುಗಟ್ಟಲೆ ಉಜ್ಜಿ, ಕಡುಹಸಿರು ಬಣ್ಣ ಬಳಿದ. ಮೊದಲ ಸಲ ಎಂಜಿನ್ ಹತ್ತಿದಾಗ ಮನೆ ತುಂಬ ಹೊಗೆ. ಅವಳು ಕೆಮ್ಮುತ್ತ ಬೈದಳು, ಅವನು ಕೆಮ್ಮುತ್ತ ನಕ್ಕ. ಆಮೇಲೆ ಮರದ ಪಟ್ಟಿಗಳನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿ, ತೆಳು ಹಲಗೆ ಹೊದಿಸಿ, ದೋಣಿಯಂತಹ ಪೆಟ್ಟಿಗೆಯೊಂದನ್ನು ಕಟ್ಟತೊಡಗಿದ. ಬೈಕು ಮತ್ತು ಪೆಟ್ಟಿಗೆ ಎರಡೂ ಬಾಗಿಲಲ್ಲಿ ಹಾಯುವಷ್ಟೇ ಅಗಲ. ಅದನ್ನು ಚೆನ್ನಾಗಿಯೇ ಅಳೆದಿದ್ದ.

ಒಂದು ದಿನ ಅವಳನ್ನು ಎತ್ತಿ ಅದರೊಳಗೆ ಕೂರಿಸಿ ನೋಡಿದ. ಚಾಚಿದ ಕಾಲು ಬದಿಗೆ ಒತ್ತುತ್ತಿತ್ತು. ಅವಳು ತುಟಿ ಕಚ್ಚಿದಳು. ಮರುದಿನ ಅವನು ಪೂರ್ತಿ ಪೆಟ್ಟಿಗೆ ಒಡೆದುಹಾಕಿ, ನಾಲ್ಕು ಬೆರಳು ಅಗಲವಾಗಿ ಮತ್ತೆ ಮೊದಲಿಂದ ಕಟ್ಟಿದ.

*

"ಬೋಲ್ಟ್ ಎಲ್ಲಿ?" ತಮ್ಮ ನೆಲಕ್ಕೆ ಮೊಣಕಾಲೂರಿ ಸೈಡ್‌ಕಾರಿನ ಅಡಿಗೆ ಇಣುಕಿದ. "ಒಂದೂ ಕಾಣ್ತಿಲ್ವಲ್ಲ!"

"ಕಾಣಲ್ಲ," ಎಂದ ವೆಲ್ಡರ್. "ಬೋಲ್ಟ್ ಎಲ್ಲ ಒಳಗಿದೆ. ಮೇಲೆ ಹಲಗೆ ಹೊಡೆದು, ಅಂಟು ಹಾಕಿ ಮುಚ್ಚಿಬಿಟ್ಟಿದಾನೆ. 'ಬೇಡ ಕಣೋ, ನಾಳೆ ಬಿಚ್ಬೇಕಾದ್ರೆ ಏನ್ಮಾಡ್ತೀಯ' ಅಂತ ಬಡ್ಕೊಂಡೆ. 'ಬೋಲ್ಟಿನ ತಲೆ ಅವಳ ಬಟ್ಟೆಗೆ ಸಿಕ್ಕುತ್ತೆ, ಕಾಲಿಗೆ ಚುಚ್ಚುತ್ತೆ' ಅಂದ. ಬಡಗಿ ಬುದ್ಧಿ ನೋಡು! ಮೆಕ್ಯಾನಿಕ್ ಆಗಿದ್ರೆ ಯಾವನೂ ಹಿಂಗೆ ಮಾಡ್ತಿರ್ಲಿಲ್ಲ."

"ಮತ್ತೀಗ?"

"ಪೆಟ್ಟಿಗೆ ಕುಯ್ಯಬೇಕು."

ತಮ್ಮ ಗೋಡೆಗೆ ನೇತುಹಾಕಿದ್ದ ಗರಗಸ ತೆಗೆದ. ಅಣ್ಣನದೇ ಗರಗಸ. ಹಿಡಿಯಲ್ಲಿ ಅವನ ಹೆಬ್ಬೆರಳಿನ ತಗ್ಗು ಬಿದ್ದಿತ್ತು. ತಮ್ಮನ ಬೆರಳು ಆ ತಗ್ಗಿನಲ್ಲಿ ಸರಿಯಾಗಿ ಕೂರಲಿಲ್ಲ.

"ಚಿಕ್ಕಪ್ಪ, ಬೇಡ!" ಮೇಸ್ತ್ರಿಯ ಮಗಳು ಒಳಕೋಣೆಯಿಂದ ಓಡಿ ಬಂದಳು. ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಗ್ಗೆ ಬಂದವಳು, ಕಣ್ಣು ಊದಿಕೊಂಡಿದ್ದವು. "ಅಪ್ಪ ಎರಡು ವರ್ಷ ಕಟ್ಟಿದಾರೆ ಅದನ್ನ. ಫೋನ್ ಮಾಡಿದಾಗೆಲ್ಲ ಅದೇ ಮಾತು. ನನ್ನ ಬಗ್ಗೆ ಕೇಳೋದೂ ಮರೆತುಬಿಡೋರು."

"ನಂಗೇನು ಕುಯ್ಯೋಕೆ ಖುಷೀನಾ ಮಗಾ? ನಿಮ್ಮಪ್ಪನ್ನ ಇಲ್ಲೇ ಇಟ್ಕೊಂಡು ಕೂತಿರೋಕಾಗುತ್ತಾ?" ತಮ್ಮ ಗರಗಸ ಕೆಳಗಿಳಿಸಿದ. "ನಂಗೆ ಸೋಫಾ ಕೊಟ್ಟು ಕಳಿಸಿದಾಗ ತಮಾಷೆ ಮಾಡ್ದೆ. 'ಅಣ್ಣ, ಮನೇಲಿ ಹಡಗು ಕಟ್ತಿದೀಯ' ಅಂದೆ. ಒಂದಿನ ಬಂದು ಒಂದು ಹಲಗೆ ಹಿಡ್ಕೊಳ್ಳಲಿಲ್ಲ ನಾನು. ಈಗ ಕುಯ್ಯೋಕೆ ಬಂದಿದೀನಿ."

ಅವನು ಗರಗಸದ ಹಲ್ಲುಗಳನ್ನು ಸೈಡ್‌ಕಾರಿನ ಅಂಚಿಗೆ ಇಟ್ಟ. ಮೇಸ್ತ್ರಿ ವಾರ್ನಿಷ್ ಬಳಿದು ಕನ್ನಡಿ ಮಾಡಿಟ್ಟಿದ್ದ ಅಂಚು. ಅದರಲ್ಲಿ ತಮ್ಮನಿಗೆ ತನ್ನ ಮುಖವೇ ಕಾಣುತ್ತಿತ್ತು.

ಒಂದು ಸಲ ಎಳೆದ. ಕರ್ ಎಂದು ಸಣ್ಣ ಸದ್ದು. ಬೆಳ್ಳನೆಯ ಹುಡಿ ಉದುರಿತು.

*

ಪೆಟ್ಟಿಗೆ ಅಗಲವಾದ ಮೇಲೆ ಮೇಸ್ತ್ರಿ ಬಾಗಿಲಿನ ಕಡೆ ನೋಡುವುದನ್ನೇ ಬಿಟ್ಟಿದ್ದ. ಅವನು ನೋಡತೊಡಗಿದ್ದು ಕಿಟಕಿಯನ್ನು. ಕಿಟಕಿ ಬಾಗಿಲಿಗಿಂತ ಅಗಲ. ಅದರ ಕೆಳಗಿನ ಮೋಟು ಗೋಡೆ ಒಡೆದರೆ ಸಾಕು, ಗಾಡಿ ಸಲೀಸಾಗಿ ಬೀದಿಗೆ ಇಳಿಯುತ್ತದೆ.

ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಕಿಟಕಿಯ ಎರಡೂ ಮೂಲೆಗಳಿಂದ ನೆಲದವರೆಗೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದ. ಬೆಳಗ್ಗೆ ಎದ್ದು ನೋಡಿದರೆ ಗೆರೆ ಇಲ್ಲ, ಗೋಡೆ ಒದ್ದೆ. ಸಂಜೆ ಮತ್ತೆ ಎಳೆದ. ಬೆಳಗ್ಗೆ ಮತ್ತೆ ಇಲ್ಲ.

"ಈ ಮನೇಲಿ ಇಲಿ ಜಾಸ್ತಿ ಆಗಿದೆ," ಎಂದ ಒಂದು ದಿನ, ತಟ್ಟೆಯಿಂದ ತಲೆ ಎತ್ತದೆ. "ಸೀಮೆಸುಣ್ಣ ತಿನ್ನುತ್ತೆ."

"ಹೆಗ್ಗಣ ಗೋಡೆ ಕೊರೆಯೋಕೆ ಬಂದ್ರೆ ಇಲಿ ಇನ್ನೇನ್ ಮಾಡುತ್ತೆ?"

ಅವನು ನಕ್ಕುಬಿಟ್ಟ. ಅವಳು ನಗಲಿಲ್ಲ.

"ಕಿಟಕಿ ಒಡೆದ್ರೆ ನಾನೆಲ್ಲಿ ಕೂರ್ಲಿ?"

"ಗಾಡೀಲಿ ಕೂರು."

"ಎಲ್ಲರೂ ನೋಡ್ತಾರೆ ಕಣ್ರೀ."

"ನೋಡ್ಲಿ. ಗಾಡಿ ಅಷ್ಟು ಚೆನ್ನಾಗಿ ಮಾಡಿದೀನಿ, ನಿನ್ನ ಕಾಲು ಯಾರು ನೋಡ್ತಾರೆ?"

ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಅವನು ಹಿಂದಿನಿಂದ ಮೆಲ್ಲಗೆ ಹೇಳಿದ: "ಬಲವಂತ ಇಲ್ಲ. ಎಳೆಯೋದು ನನ್ನ ಕೆಲಸ, ಒರೆಸೋದು ನಿನ್ನ ಕೆಲಸ. ಯಾವತ್ತು ನೀನು ಒರೆಸದೆ ಬಿಡ್ತೀಯೋ, ಆವತ್ತೇ ಸುತ್ತಿಗೆ ಹಿಡೀತೀನಿ."

ಅದಾದ ಮೇಲೂ ಅವನು ಎಳೆಯುತ್ತಲೇ ಇದ್ದ, ಅವಳು ಒರೆಸುತ್ತಲೇ ಇದ್ದಳು. ಎಷ್ಟೋ ಸಲ ಅವಳ ಕೈ ತಡೆದದ್ದುಂಟು. ಊರುಗೋಲಿನ ತುದಿಗೆ ಒದ್ದೆ ಬಟ್ಟೆ ಸುತ್ತಿ ಹಿಡಿದು ಗೆರೆಯ ಮುಂದೆ ಸುಮ್ಮನೆ ನಿಂತು, ನಾಳೆ ನೋಡೋಣ ಎಂದುಕೊಂಡು ಒರೆಸಿದ್ದುಂಟು. ನಿನ್ನೆ ಬೆಳಗ್ಗೆಯೂ ಒರೆಸಿದಳು. ಮಧ್ಯಾಹ್ನ ಅವನು ಬೈಕಿನ ಸೀಟು ಒರೆಸುತ್ತಿದ್ದವನು, ಎದೆ ಹಿಡಿದುಕೊಂಡು ಅಲ್ಲೇ ನೆಲಕ್ಕೆ ಕುಸಿದ.

*

"ನಿಲ್ಸು."

ಗರಗಸ ನಿಂತಿತು. ಅವಳು ಊರುಗೋಲು ಊರಿ ಎದ್ದು ನಿಂತಿದ್ದಳು.

"ಅವರ ಅಂಗಿ ಜೇಬಲ್ಲಿ ಸೀಮೆಸುಣ್ಣ ಇರುತ್ತೆ," ಎಂದಳು ಮಗಳಿಗೆ. "ತಗೊಂಡ್ ಬಾ."

"ಈಗ್ಯಾಕಮ್ಮ ಅದು?"

"ತಗೊಂಡ್ ಬಾ ಅಂದೆ."

ಮಗಳು ತಂದುಕೊಟ್ಟಳು. ಅವಳು ಕಿಟಕಿಯ ಮೂಲೆಗೆ ಸೀಮೆಸುಣ್ಣ ಒತ್ತಿ ಕೆಳಕ್ಕೆ ಎಳೆದಳು. ಕಾಲು ಬಗ್ಗದು, ತೊಡೆಯ ಮಟ್ಟಕ್ಕೆ ಬಂದು ಕೈ ನಿಂತಿತು. ಅಲ್ಲಿಂದ ಕೆಳಗೆ ಮಗಳು ಅವಳ ಕೈಯಿಂದ ಸೀಮೆಸುಣ್ಣ ಇಸಿದುಕೊಂಡು ನೆಲದವರೆಗೆ ಎಳೆದಳು. ಆ ಕಡೆಯದನ್ನೂ ಹಾಗೆಯೇ ಎಳೆದರು. ಅವಳ ಗೆರೆ ಸೊಟ್ಟಗಿತ್ತು. ದಿನವೂ ಒರೆಸಿ ಒರೆಸಿ ಬಣ್ಣ ಹೋದ ಜಾಗದಲ್ಲಿ ಮೇಸ್ತ್ರಿಯ ಗೆರೆ ಮಾತ್ರ ನೆಟ್ಟಗೆ ಮಸುಕಾಗಿ ಕಾಣುತ್ತಿತ್ತು.

"ಗೋಡೆ ಒಡೀರಿ," ಎಂದಳು. "ಗಾಡಿ ಕುಯ್ಯಬೇಡಿ."

"ಅತ್ತಿಗೆ, ಕಿಟಕಿ ಚೌಕಟ್ಟು ಗೋಡೆ ಒಳಗೆ ಕೂತಿರುತ್ತೆ. ಅದನ್ನ ಕೀಳೋಕೇ ಅರ್ಧ ದಿನ ಬೇಕು," ಎಂದ ತಮ್ಮ.

ವೆಲ್ಡರ್ ಹೋಗಿ ಕಿಟಕಿಯನ್ನು ಹಿಡಿದು ಅಲ್ಲಾಡಿಸಿದ. ಅದು ಅಲ್ಲಾಡಿತು. ಅಂಚಿನ ಸುಣ್ಣ ಕೆರೆದು ಬಗ್ಗಿ ನೋಡಿದ. ಚೌಕಟ್ಟನ್ನು ಗೋಡೆಗೆ ಹಿಡಿದಿದ್ದ ಕಬ್ಬಿಣದ ಪಟ್ಟಿಗಳು ಒಂದೂ ಇರಲಿಲ್ಲ. ಸುತ್ತಲೂ ಸಣ್ಣ ಸಣ್ಣ ಮರದ ಬೆಣೆಗಳನ್ನು ಹೊಡೆದು, ಮೇಲೆ ಸುಣ್ಣ ಸವರಿತ್ತು.

"ಇವನು ಯಾವಾಗ್ಲೋ ಬಿಚ್ಚಿಟ್ಟಿದಾನೆ!" ವೆಲ್ಡರ್ ಒಂದು ಬೆಣೆ ಕಿತ್ತು ತೋರಿಸಿದ. "ಬರೀ ಬೆಣೆ ಮೇಲೆ ನಿಂತಿದೆ ಅಕ್ಕ ಇದು. ಎಲ್ಲ ತಯಾರು ಮಾಡಿಟ್ಟು ಕಾಯ್ತಾ ಇದ್ದ."

ಅವಳು ಗೋಡೆಗೆ ಒರಗಿದಳು. ಆಗ ಅವಳಿಗೆ ಅಳು ಬಂತು. ದನಿಯಿಲ್ಲದ ಅಳು. ಬಾಯಿ ತೆರೆದಿತ್ತು, ಉಸಿರೇ ಸಿಗುತ್ತಿರಲಿಲ್ಲ. ಮಗಳು ಅವಳನ್ನು ಅವುಚಿಕೊಂಡಳು.

"ಒಂದೇ ಒಂದಿನ," ಎಂದಳು ಮಗಳ ಹೆಗಲೊಳಗೆ. "ಒಂದೇ ಒಂದಿನ ಒರೆಸ್ದೆ ಬಿಟ್ಟಿದ್ರೆ ಆಗ್ತಿತ್ತಲ್ಲೇ."

ಬಾಗಿಲಲ್ಲಿ ಸಿಕ್ಕಿದ್ದ ಗಾಡಿಯನ್ನು ಕೋಣೆಯೊಳಕ್ಕೆ ಹಿಂದೆ ಎಳೆದುಕೊಂಡರು. ಬೆಣೆ ಕಿತ್ತದ್ದೇ ತಡ, ಕಿಟಕಿ ಮೇಜಿನ ಡ್ರಾಯರಿನಂತೆ ಸರಾಗವಾಗಿ ಹೊರಬಂತು. ಕೆಳಗಿನ ಇಟ್ಟಿಗೆಗೆ ಮೊದಲ ಸುತ್ತಿಗೆ ಏಟು ಹಾಕಿದವನು ತಮ್ಮ. ಬೀದಿಯವರೆಲ್ಲ ಸಾಲಾಗಿ ನಿಂತು ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸಿದರು. ವ್ಯಾನ್ ಡ್ರೈವರ್ ಕೂಡ ಹಾರ್ನ್ ಬಿಟ್ಟು ಬಂದು ನಿಂತ. ಗಾಡಿ ಇಳಿಯಲು ಬೇಕಾದ ಇಳಿಜಾರು ಹಲಗೆ ಮಂಚದ ಕೆಳಗೆ ಸಿಕ್ಕಿತು. ಅದನ್ನೂ ಮೇಸ್ತ್ರಿ ಅಳತೆಗೆ ಸರಿಯಾಗಿ ಕುಯ್ದು, ಗೋಣಿ ಸುತ್ತಿ ಇಟ್ಟಿದ್ದ.

"ಅವರು ಬಾಗಿಲಿಂದ ಹೋಗ್ಲಿ," ಎಂದಳು ಅವಳು. "ನಾನು ಹೀಗೆ ಬರ್ತೀನಿ."

ಅವಳನ್ನು ಎತ್ತಿ ಸೈಡ್‌ಕಾರಿನಲ್ಲಿ ಕೂರಿಸಿದರು. ಚಾಚಿದ ಕಾಲು ಎಲ್ಲಿಯೂ ತಾಗಲಿಲ್ಲ.

"ನಾನು ಓಡಿಸ್ಲಾ ಅಕ್ಕ? ಒಂದೇ ಕಿಕ್ಕಿಗೆ ಹತ್ತುತ್ತೆ," ಎಂದ ವೆಲ್ಡರ್.

"ಬೇಡ. ಅಲ್ಲಿ ಯಾರೂ ಕೂರೋದು ಬೇಡ. ತಳ್ಳಿ."

ಮೇಸ್ತ್ರಿಯನ್ನು ಹೊತ್ತ ವ್ಯಾನ್ ಮುಂದೆ ನಿಧಾನವಾಗಿ ಹೊರಟಿತು. ಮಗಳು ಪಕ್ಕದಲ್ಲಿ ನಡೆಯುತ್ತ ಹ್ಯಾಂಡಲ್ ಹಿಡಿದಿದ್ದಳು. ವೆಲ್ಡರ್ ಮತ್ತು ತಮ್ಮ ಹಿಂದಿನಿಂದ ತಳ್ಳುತ್ತಿದ್ದರು. ಬೀದಿಯ ಎರಡೂ ಕಡೆ ಮೇಸ್ತ್ರಿ ಮಾಡಿದ ಬಾಗಿಲುಗಳು ತೆರೆದಿದ್ದವು, ಬಾಗಿಲುಗಳ ತುಂಬ ಜನ ನಿಂತಿದ್ದರು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ತಲೆ ತಗ್ಗಿಸಲಿಲ್ಲ.

ಬೀದಿಯ ಕೊನೆಯಲ್ಲಿ, ಸೇತುವೆಯ ಕಡೆ ತಿರುಗುವಲ್ಲಿ, ರಸ್ತೆಯ ಉಬ್ಬು ಬಂತು. ಯಾರೂ ಏನೂ ಹೇಳುವ ಮೊದಲೇ ಅವಳ ಬಲಗೈ ಮೇಲೆದ್ದು, ಪಕ್ಕದ ಖಾಲಿ ಸೀಟನ್ನು ಎರಡು ಸಲ ತಟ್ಟಿತು.

ಪಟ್ ಪಟ್.

ಗಾಡಿ ಉಬ್ಬು ಹತ್ತಿ ಇಳಿಯಿತು. ಅವನು ನಿನ್ನೆ ಒರೆಸಿಟ್ಟ ಕಪ್ಪು ಸೀಟಿನ ಮೇಲೆ ಸೀಮೆಸುಣ್ಣದ ಅಂಗೈ ಗುರುತು ಬೆಳ್ಳಗೆ ಉಳಿಯಿತು.